ವೈಪರ್ ನಿಂತರೆ ಮೋಟಾರ್ ಸುಟ್ಟಿತೆಂದೇ ಅರ್ಥವೇ? ಹಳೆಯ ಕಾರಿನ ಮೋಟಾರ್ ಮತ್ತು ಸ್ವಿಚ್ ಪರೀಕ್ಷಿಸುವ ಬಗೆ

“ಹಳೇ ಕಾರಿನ ವೈಪರ್ ನಿಂತರೆ ಮೋಟಾರ್ ಸುಟ್ಟಿದೆ ಎಂದೇ ಅರ್ಥ. ಮಲ್ಟಿಮೀಟರ್ ಇಟ್ಟಾಗ ಸ್ವಿಚ್ಚಿನಲ್ಲಿ ಬೀಪ್ ಬಂದರೆ ಸ್ವಿಚ್ ಸರಿ ಇದೆ, ಮೋಟಾರ್ ಬದಲಿಸಿ.” ಮಳೆಗಾಲ ಶುರುವಾದರೆ ಸಾಕು, ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಕೇಳಲು ಸರಳ, ಶೇರ್ ಮಾಡಲು ಸುಲಭ. ಆದರೆ ಇದನ್ನು ನಂಬಿದವರು ಸರಿಯಾಗಿರುವ ಮೋಟಾರನ್ನು ಗುಜರಿಗೆ ಹಾಕಿ, ಕೆಟ್ಟ ಸ್ವಿಚ್ಚನ್ನು ಕಾರಿನಲ್ಲೇ ಉಳಿಸಿಕೊಳ್ಳುವ ಸಾಧ್ಯತೆ ಇದೆ.

ನಮ್ಮ ಮನೆಯಲ್ಲೇ ಹೀಗಾಗುವುದರಲ್ಲಿತ್ತು. ಕಾಕಾನ ಹಳೆಯ ಅಂಬಾಸಡರ್ ಒಂದು ಸೆಪ್ಟೆಂಬರ್ ಸಂಜೆ ಹುನಗುಂದದಿಂದ ಇಳಕಲ್ ಕಡೆ ಹೊರಟಿತ್ತು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಎದುರಿಗೆ ಲಾರಿಗಳ ಸಾಲು, ಮೇಲೆ ಜೋರು ಮಳೆ. ವೈಪರ್ ಕಡ್ಡಿಗಳು ಮೊದಲು ನಿಧಾನವಾದವು. ಆಮೇಲೆ ಗಾಜಿನ ನಟ್ಟನಡುವೆ ಬಂದು ನಿಂತೇಬಿಟ್ಟವು. ಕಾಕಾ ಕಾರನ್ನು ರಸ್ತೆ ಬದಿಯ ಹೋಟೆಲ್ ಮುಂದೆ ನಿಲ್ಲಿಸಿ, ಮಳೆ ಬಿಡುವವರೆಗೂ ಕಾದರು. ಮರುದಿನ ತೋರಿಸಿದಾಗ ಸಿಕ್ಕ ಉತ್ತರ: “ಮೋಟ್ರ ಸುಟ್ಟೈತ್ರಿ, ಹೊಸಾದು ಹಾಕಬೇಕು ನೋಡ್ರಿ.” ಹೊಸದು ಎಲ್ಲಿ ಸಿಗಬೇಕು? ಈ ಕಾರಿನ ತಯಾರಿಕೆಯೇ ನಿಂತಿದೆ. ಕೊನೆಗೆ ಮೋಟಾರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಬ್ಯಾಟರಿ ಕೊಟ್ಟರೆ ಅದು ಸಲೀಸಾಗಿ ತಿರುಗಿತು. ದೋಷ ಇದ್ದದ್ದು ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ. ಅದೇ ಸ್ವಿಚ್ಚು ಮಲ್ಟಿಮೀಟರಿನಲ್ಲಿ “ಬೀಪ್” ಅಂದಿತ್ತು!

ಚುಟುಕು ಉತ್ತರ

ವೈಪರ್ ನಿಲ್ಲಲು ಮೋಟಾರ್ ಒಂದೇ ಕಾರಣವಲ್ಲ. ಫ್ಯೂಸ್, ಸ್ವಿಚ್, ಅರ್ಥಿಂಗ್, ಬಿಗಿದುಕೊಂಡ ಕಡ್ಡಿಗಳ ಕೀಲು, ಹೀಗೆ ಐದಾರು ಕಡೆ ದೋಷ ಇರಬಹುದು. ಮೋಟಾರನ್ನು ಕಾರಿನಿಂದ ಹೊರತೆಗೆದು 12 ವೋಲ್ಟ್ ಬ್ಯಾಟರಿಯಿಂದ ಓಡಿಸಿ ನೋಡಿದರೆ ಅದು ಸರಿಯಿದೆಯೋ ಇಲ್ಲವೋ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಸ್ವಿಚ್ಚನ್ನು ಮಾತ್ರ ಬರೀ ಬೀಪ್‌ನಿಂದ ಅಳೆಯಬಾರದು. ಅದರ ಮೂಲಕ ನಿಜವಾದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಮಳೆ ಕಡಿಮೆ ಇರುವ ಊರಲ್ಲೇ ವೈಪರ್ ಕೆಡುವುದೇಕೆ?

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ ಮಳೆ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಸುರಿಯುತ್ತದೆ. ಅಂದರೆ ಇಲ್ಲಿನ ಕಾರಿನ ವೈಪರ್ ವರ್ಷದ ಬಹುತೇಕ ತಿಂಗಳು ಸುಮ್ಮನೆ ಕುಳಿತಿರುತ್ತದೆ. “ಬಳಸದೇ ಇದ್ದರೆ ಸವೆಯುವುದಿಲ್ಲ” ಎಂದು ನಾವು ಅಂದುಕೊಳ್ಳುತ್ತೇವೆ. ವೈಪರ್ ವಿಷಯದಲ್ಲಿ ಇದು ತಲೆಕೆಳಗು.

ಸುಮ್ಮನಿದ್ದ ಮೋಟಾರಿನ ಗೇರ್ ಪೆಟ್ಟಿಗೆಯಲ್ಲಿ ಹಳೆಯ ಗ್ರೀಸ್ ಒಣಗಿ ಮೇಣದಂತಾಗುತ್ತದೆ. ತಾಮ್ರದ ಮೇಲ್ಮೈಗಳಿಗೆ ಕಪ್ಪು ಪದರ ಹತ್ತುತ್ತದೆ. ಸ್ವಿಚ್ಚಿನ ಒಳಗಿನ ಸಂಪರ್ಕ ಬಿಂದುಗಳೂ ಹಾಗೆಯೇ ಕಪ್ಪಾಗುತ್ತವೆ. ಸ್ವಿಚ್ಚನ್ನು ಆಗಾಗ ಒತ್ತುತ್ತಿದ್ದರೆ ಬಿಂದುಗಳು ಒಂದಕ್ಕೊಂದು ಉಜ್ಜಿ ತಾವೇ ಸ್ವಚ್ಛವಾಗಿರುತ್ತವೆ. ಒತ್ತದಿದ್ದರೆ ಪದರ ದಪ್ಪವಾಗುತ್ತಲೇ ಹೋಗುತ್ತದೆ. ಇದರ ಜೊತೆಗೆ ನಮ್ಮ ಭಾಗದ ದೂಳು ಸೇರುತ್ತದೆ. ಇಳಕಲ್ ಸುತ್ತ ಕೆಂಪು ಗ್ರಾನೈಟ್, ಬಾದಾಮಿ ಸುತ್ತ ಮರಳುಗಲ್ಲು, ಬಾಗಲಕೋಟೆ ಸುತ್ತ ಸುಣ್ಣದ ಕಲ್ಲು. ಗ್ರಾನೈಟ್ ಮತ್ತು ಮರಳುಗಲ್ಲಿನ ದೂಳಿನಲ್ಲಿ ಗಾಜಿಗೂ ಗೀರು ಹಾಕಬಲ್ಲ ಗಟ್ಟಿ ಕಣಗಳಿರುತ್ತವೆ. ಅವು ವೈಪರ್ ಕಡ್ಡಿ ಕೂರುವ ಕೀಲಿನೊಳಗೆ ಇಳಿದು ಗ್ರೀಸಿನ ಜೊತೆ ಕಲೆತರೆ ಕೀಲು ಬಿಗಿಯುತ್ತದೆ. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಗಾಜಿನ ಮೇಲೆ ಎಳೆತ ಹೆಚ್ಚುತ್ತದೆ.

ವರ್ಷದ ಮೊದಲ ಜೋರು ಮಳೆಯಲ್ಲಿ ನಾವು ಸ್ವಿಚ್ ಒತ್ತಿದಾಗ ಈ ಎಲ್ಲ ಭಾರ ಒಮ್ಮೆಗೇ ಮೋಟಾರಿನ ಮೇಲೆ ಬೀಳುತ್ತದೆ. ಅದು ನಿಂತರೆ ತಪ್ಪು ಅದರದೇ ಎಂದು ಹೇಳುವುದು ಅವಸರದ ತೀರ್ಪು.

ಒಳಗೆ ಏನಿದೆ?

ವೈಪರಿನ ಕಥೆ ಹಳೆಯದು. ಅಮೆರಿಕದ ಮೇರಿ ಆ್ಯಂಡರ್ಸನ್ ಅವರಿಗೆ ಗಾಜು ಒರೆಸುವ ಸಾಧನಕ್ಕೆ 1903ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಒಳಗಿನಿಂದ ಕೈಯಲ್ಲೇ ತಿರುಗಿಸಬೇಕಿತ್ತು. ಮುಂದೆ ಎಂಜಿನ್ನಿನ ಗಾಳಿ ಸೆಳೆತದಿಂದ ಓಡುವ ವೈಪರ್ ಬಂತು. ದಿಬ್ಬ ಏರುವಾಗ ಅದು ನಿಧಾನವಾಗಿಬಿಡುತ್ತಿತ್ತು. ಆಮೇಲೆ ವಿದ್ಯುತ್ ಮೋಟಾರ್ ಆ ಜಾಗಕ್ಕೆ ಬಂತು.

ನಮ್ಮ ರಸ್ತೆಗಳ ಹಳೆಯ ಕಾರುಗಳನ್ನೇ ನೋಡಿ. ಅಂಬಾಸಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ರೂಪುಗೊಂಡ ಕಾರು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100 ಮಾದರಿಯದು, ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನದು. ವರ್ಷ ಮತ್ತು ಮಾದರಿಗೆ ತಕ್ಕಂತೆ ವೈಪರ್ ಮೋಟಾರ್ ಬೇರೆ ಬೇರೆ ಇರುತ್ತದೆ. ಆದರೆ ಕೆಲಸದ ತತ್ವ ಒಂದೇ.

ನಿಮ್ಮ ಅಡುಗೆಮನೆಯ ಮಿಕ್ಸರ್ ನೆನಪಿಸಿಕೊಳ್ಳಿ. ಅದರಲ್ಲಿರುವಂತೆ ಇಲ್ಲೂ ತಿರುಗುವ ಆರ್ಮೇಚರ್, ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದಕ್ಕೆ ಒತ್ತಿಕೊಂಡಿರುವ ಕಾರ್ಬನ್ ತುಂಡುಗಳು ಇರುತ್ತವೆ. ಸುತ್ತಲೂ ಕಾಯಂ ಅಯಸ್ಕಾಂತ ಇರಬಹುದು. ತುಂಬಾ ಹಳೆಯ ಮೋಟಾರಿನಲ್ಲಿ ಅಯಸ್ಕಾಂತದ ಬದಲು ತಂತಿಯ ಸುರುಳಿ ಇರುತ್ತದೆ. ಆರ್ಮೇಚರ್ ವೇಗವಾಗಿ ತಿರುಗುತ್ತದೆ. ತಿರುಪಿನಂಥ ಹಲ್ಲಿನ ಗೇರ್ ಆ ವೇಗವನ್ನು ನಿಮಿಷಕ್ಕೆ ಸುಮಾರು 50 ಸುತ್ತಿಗೆ ಇಳಿಸಿ, ಬಲವನ್ನು ಹೆಚ್ಚಿಸುತ್ತದೆ. ಕೊನೆಗೆ ಒಂದು ಕ್ರ್ಯಾಂಕ್ ಸುತ್ತುವ ಚಲನೆಯನ್ನು ಹಿಂದೆ ಮುಂದೆ ಆಡುವ ಚಲನೆಯಾಗಿ ಬದಲಿಸುತ್ತದೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಮೇಲೆ ಕೆಳಗೆ ಆಡುವ ಪಾದದ ಹಲಗೆ ಚಕ್ರವನ್ನು ಸುತ್ತಿಸುತ್ತದಲ್ಲ, ಇದು ಅದರ ಉಲ್ಟಾ.

ಎರಡು ವೇಗದ ಮೋಟಾರಿನಲ್ಲಿ ಮೂರು ಕಾರ್ಬನ್ ಇರುತ್ತವೆ. ಮೋಟಾರ್ ತಿರುಗುವಾಗ ತಾನೇ ಒಂದಿಷ್ಟು ವಿರುದ್ಧ ವೋಲ್ಟೇಜನ್ನು ಹುಟ್ಟಿಸಿ, ಒಳಬರುವ ಕರೆಂಟನ್ನು ತಡೆಹಿಡಿಯುತ್ತದೆ. ಮೂರನೆಯ ಕಾರ್ಬನ್ ಸ್ವಲ್ಪ ಓರೆಯಾಗಿ ಕೂತಿರುವುದರಿಂದ ಆ ತಡೆ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಕಾರ್ಬನ್ನುಗಳಲ್ಲಿ ಒಂದು ಸವೆದರೆ ಒಂದು ವೇಗ ಮಾತ್ರ ಕೈಕೊಡಬಹುದು ಎಂಬುದನ್ನು ನೆನಪಿಡಿ. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಬಿಚ್ಚುವ ಮೊದಲು ಮೂರು ನೋಟ

ಮೊದಲು ಫ್ಯೂಸ್ ನೋಡಿ. ಕಣ್ಣಿಗೆ ಸರಿ ಕಂಡರೂ ಅದು ಕೂರುವ ಹಿಡಿಕೆಗೆ ತುಕ್ಕು ಹಿಡಿದಿರಬಹುದು. ಎರಡನೆಯದಾಗಿ, ವೈಪರ್ ಕಡ್ಡಿಗಳನ್ನು ಗಾಜಿನಿಂದ ಎತ್ತಿ ಹಿಡಿದು ಸ್ವಿಚ್ ಹಾಕಿ. ಈಗ ಓಡಿದರೆ ತೊಂದರೆ ರಬ್ಬರಿನ ಎಳೆತದ್ದು. ಮೂರನೆಯದಾಗಿ, ಮೋಟಾರಿನ ಲೋಹದ ಮೈಯಿಂದ ಬ್ಯಾಟರಿಯ ಅರ್ಥ್ ತುದಿಗೆ ಒಂದು ದಪ್ಪ ತಂತಿ ಮುಟ್ಟಿಸಿ. ಕಪ್ಪು ತಂತಿ ಬೇರೆಯಾಗಿರುವ ಮೋಟಾರಾದರೆ ಆ ತಂತಿಯ ತುದಿಯಿಂದಲೇ ಮುಟ್ಟಿಸಬೇಕು. ತಕ್ಷಣ ವೇಗ ಹೆಚ್ಚಿದರೆ ದೋಷ ಅರ್ಥಿಂಗ್‌ನಲ್ಲಿದೆ. ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಇದು ಸಾಮಾನ್ಯ. ಅರ್ಥ್ ಕೂರುವ ಜಾಗದ ಮೇಲೂ ಬಣ್ಣ ಬಿದ್ದು ಕರೆಂಟಿನ ದಾರಿ ಮುಚ್ಚಿರುತ್ತದೆ. ಉಪ್ಪುಕಾಗದದಿಂದ ಆ ಜಾಗ ಉಜ್ಜಿದರೆ ಸಾಕು.

ಇವು ಮೂರರಲ್ಲೂ ಉತ್ತರ ಸಿಗದಿದ್ದರೆ ಮೋಟಾರ್ ಬಿಚ್ಚಿ. ಬ್ಯಾಟರಿಯ ತಂತಿ ತೆಗೆದು, ಎಲ್ಲ ಕನೆಕ್ಷನ್‌ಗಳ ಫೋಟೊ ತೆಗೆದುಕೊಂಡೇ ಬಿಚ್ಚಬೇಕು. ಕೈಯಲ್ಲಿರುವ ಫೋನಿನ ಅತ್ಯುತ್ತಮ ಬಳಕೆ ಇದೇ.

ಏನೇನು ಬೇಕು?

* ಚಾರ್ಜ್ ಆಗಿರುವ 12 ವೋಲ್ಟ್ ಬ್ಯಾಟರಿ. ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ.
* ಕ್ಲಿಪ್ ಇರುವ ದಪ್ಪ ತಂತಿಗಳು ಮತ್ತು 10 ಆಂಪಿಯರ್ ಫ್ಯೂಸ್.
* 10 ಆಂಪಿಯರ್ ತನಕ ಅಳೆಯಬಲ್ಲ ಸಾದಾ ಮಲ್ಟಿಮೀಟರ್.
* ಒಂದು ಹೆಡ್‌ಲೈಟ್ ಬಲ್ಬ್, 55 ಅಥವಾ 60 ವಾಟ್‌ನದು. ಇದೇ ಈ ಪರೀಕ್ಷೆಯ ಕಾವಲುಗಾರ.

ಎಚ್ಚರಿಕೆಯ ಮಾತೂ ಇದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಕಿಡಿ ತಾಗಿದರೆ ಸಿಡಿಯಬಹುದು. ಆದ್ದರಿಂದ ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ, ಕೊನೆಯ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದಲ್ಲಿ ಜೋಡಿಸಿ. ಕೈಯಲ್ಲಿನ ಉಂಗುರ, ಕಡಗ ತೆಗೆದಿಡಿ. ಕ್ರ್ಯಾಂಕ್ ಹತ್ತಿರ ಬೆರಳು ಬೇಡ. ನಿಧಾನವಾಗಿ ತಿರುಗುತ್ತದೆ ಎಂದು ಕಂಡರೂ ಗೇರಿನ ಬಲಕ್ಕೆ ಬೆರಳು ಸಿಕ್ಕರೆ ಗಾಯ ಖಚಿತ. ಮೋಟಾರನ್ನು ವೈಸ್‌ನಲ್ಲಿ ಹಿಡಿಯುವಾಗ ಗೇರ್ ಪೆಟ್ಟಿಗೆಯ ಭಾಗವನ್ನು ಹಿಡಿಯಿರಿ. ದುಂಡಗಿನ ಡಬ್ಬಿಯನ್ನು ಬಿಗಿದರೆ ಒಳಗಿನ ಅಯಸ್ಕಾಂತ ಬಿರುಕು ಬಿಡಬಹುದು.

ಮೇಜಿನ ಮೇಲೆ ಮೋಟಾರ್: ಹಂತ ಹಂತವಾಗಿ

ಹಂತ 1: ತಂತಿ ಗುರುತಿಸುವುದು. ಉದಾಹರಣೆಗೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವ, ಎರಡು ವೇಗದ ಲ್ಯೂಕಾಸ್ 14ಡಬ್ಲ್ಯೂ ಮೋಟಾರನ್ನು ತೆಗೆದುಕೊಳ್ಳೋಣ. ಅದರಲ್ಲಿ ಐದು ತುದಿಗಳಿವೆ. 1ನೆಯದು ಅರ್ಥ್, 5 ಸಾಮಾನ್ಯ ವೇಗ, 3 ಹೆಚ್ಚಿನ ವೇಗ, 4 ಬ್ಯಾಟರಿಯಿಂದ ಬರುವ ಕರೆಂಟ್, 2 ಪಾರ್ಕಿಂಗ್. ನಿಮ್ಮ ಮೋಟಾರ್ ಬೇರೆಯದಾದರೆ ಅದರ ಕಾರಿನ ಕೈಪಿಡಿಯ ಚಿತ್ರ ನೋಡಿಕೊಳ್ಳಿ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ. ನಲವತ್ತು ವರ್ಷದ ಕಾರಿನಲ್ಲಿ ಎಷ್ಟೋ ಕೈಗಳು ವೈರಿಂಗ್ ಮಾಡಿರುತ್ತವೆ.

ಹಂತ 2: ಬಲ್ಬ್ ಪರೀಕ್ಷೆ. ಬ್ಯಾಟರಿಯ ಪ್ಲಸ್ ತುದಿಯಿಂದ ಹೆಡ್‌ಲೈಟ್ ಬಲ್ಬಿಗೆ, ಬಲ್ಬಿನಿಂದ ಮೋಟಾರಿನ ಸಾಮಾನ್ಯ ವೇಗದ ತುದಿಗೆ, ಅರ್ಥ್ ತುದಿಯಿಂದ ಬ್ಯಾಟರಿಯ ಮೈನಸ್‌ಗೆ ತಂತಿ ಕೊಡಿ. ಈಗ ಮೂರರಲ್ಲಿ ಒಂದು ಆಗುತ್ತದೆ:

* ಬಲ್ಬ್ ಮಂಕಾಗಿ ಇದ್ದು ಮೋಟಾರ್ ತಿರುಗಿದರೆ: ಮೋಟಾರಿಗೆ ಜೀವ ಇದೆ.
* ಬಲ್ಬ್ ಪೂರ್ತಿ ಉರಿದು ಮೋಟಾರ್ ತಿರುಗದಿದ್ದರೆ: ಒಳಗೆ ಶಾರ್ಟ್ ಇದೆ ಅಥವಾ ಮೋಟಾರ್ ಬಿಗಿದಿದೆ.
* ಎರಡೂ ಇಲ್ಲದಿದ್ದರೆ: ಎಲ್ಲೋ ತಂತಿ ಕಡಿದಿದೆ, ಇಲ್ಲವೇ ಕಾರ್ಬನ್ ಮುಟ್ಟುತ್ತಿಲ್ಲ.

ಬಲ್ಬ್ ಏಕೆ ಬೇಕು? 60 ವಾಟ್ ಬಲ್ಬಿನ ಮೂಲಕ 12 ವೋಲ್ಟಿಗೆ ಹೆಚ್ಚೆಂದರೆ 5 ಆಂಪಿಯರ್ ಹರಿಯಬಲ್ಲದು. ನೀವು ತಪ್ಪು ತುದಿಗೆ ತಂತಿ ಕೊಟ್ಟರೂ ಏನೂ ಸುಡುವುದಿಲ್ಲ, ಬಲ್ಬ್ ಉರಿಯುತ್ತದೆ ಅಷ್ಟೇ. ಈ ತಪ್ಪು ಸಾಮಾನ್ಯವೂ ಹೌದು. ಮೇಲೆ ಹೇಳಿದ ಮೋಟಾರಿನಲ್ಲಿ ಕಡ್ಡಿಗಳು ತಮ್ಮ ಜಾಗದಲ್ಲಿ ಬಂದು ನಿಂತಿರುವಾಗ 2ನೇ ತುದಿ ಅರ್ಥ್‌ಗೆ ಸೇರಿಕೊಂಡಿರುತ್ತದೆ. ಅದಕ್ಕೆ ನೇರ ಬ್ಯಾಟರಿ ಕೊಟ್ಟರೆ ದೊಡ್ಡ ಕಿಡಿ ಹಾರುತ್ತದೆ. “ಕಿಡಿ ಹಾರಿತು, ಮೋಟಾರ್ ಶಾರ್ಟ್ ಆಗಿದೆ” ಎಂಬ ತಪ್ಪು ತೀರ್ಪು ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಹಂತ 3: ಆಂಪಿಯರ್ ಅಳತೆ. ಬಲ್ಬ್ ತೆಗೆದು ಅದರ ಜಾಗದಲ್ಲಿ ಫ್ಯೂಸ್ ಮತ್ತು ಮಲ್ಟಿಮೀಟರ್ ಹಾಕಿ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಬದಲಿಸುವುದನ್ನು ಮರೆಯಬೇಡಿ. ಮೋಟಾರ್ ಒಂದು ನಿಮಿಷ ಓಡಿದ ಮೇಲೆ ಅಂಕಿ ನೋಡಿ. ಕಡ್ಡಿಗಳ ಭಾರವಿಲ್ಲದೆ ಓಡುವಾಗ 14ಡಬ್ಲ್ಯೂ ಮೋಟಾರ್ ಸಾಮಾನ್ಯ ವೇಗದಲ್ಲಿ ಸುಮಾರು 1.5 ಆಂಪಿಯರ್, ಹೆಚ್ಚಿನ ವೇಗದಲ್ಲಿ ಸುಮಾರು 2 ಆಂಪಿಯರ್ ಎಳೆಯಬೇಕು.

ಹಂತ 4: ಸುತ್ತಿನ ಎಣಿಕೆ. ಗೇರಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಎಣಿಸಿ. ಇದೇ ಮೋಟಾರ್ ನಿಮಿಷಕ್ಕೆ ಸಾಮಾನ್ಯ ವೇಗದಲ್ಲಿ 46ರಿಂದ 52, ಹೆಚ್ಚಿನ ವೇಗದಲ್ಲಿ 60ರಿಂದ 70 ಸುತ್ತು ಹಾಕಬೇಕು.

ಆಂಪಿಯರ್ ಮತ್ತು ಸುತ್ತು, ಎರಡನ್ನೂ ಸೇರಿಸಿ ಓದಿದರೆ ರೋಗ ಗೊತ್ತಾಗುತ್ತದೆ. ಕರೆಂಟ್ ಹೆಚ್ಚು, ಸುತ್ತು ಕಡಿಮೆ ಎಂದರೆ ಗ್ರೀಸ್ ಒಣಗಿದೆ, ಬುಶ್ ಬಿಗಿದಿದೆ ಅಥವಾ ಸುರುಳಿಯಲ್ಲಿ ಶಾರ್ಟ್ ಇದೆ. ಕರೆಂಟೂ ಕಡಿಮೆ, ಸುತ್ತೂ ಕಡಿಮೆ ಎಂದರೆ ಕಾರ್ಬನ್ ಸವೆದಿದೆ ಅಥವಾ ಕಮ್ಯುಟೇಟರ್ ಕೊಳೆಯಾಗಿದೆ. 14ಡಬ್ಲ್ಯೂ ಮೋಟಾರಿನ ಕಾರ್ಬನ್ 4.8 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು.

ಹಂತ 5: ಹತ್ತು ಸಲ ನಿಲ್ಲಿಸಿ, ಹತ್ತು ಸಲ ಓಡಿಸಿ. ಪ್ರತಿ ಸಲ ಆರ್ಮೇಚರ್ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಒಂದು ಸಲ ಮಾತ್ರ ಏಳದೆ, ಕೈಯಿಂದ ಸ್ವಲ್ಪ ಅಲುಗಿಸಿದಾಗ ಎದ್ದರೆ ಕಮ್ಯುಟೇಟರಿನ ಒಂದು ಪಟ್ಟಿ ಸತ್ತಿದೆ ಎಂದು ಅನುಮಾನಿಸಬಹುದು. ಅಲುಗಿಸುವಾಗ ಬ್ಯಾಟರಿ ಕ್ಲಿಪ್ ತೆಗೆದಿರಬೇಕು. ಬಿಚ್ಚಿ ನೋಡಿದಾಗ ಕಮ್ಯುಟೇಟರ್ ಮತ್ತು ಶಾಫ್ಟ್ ನಡುವೆ ಮಲ್ಟಿಮೀಟರ್ ಬೀಪ್ ಅನ್ನಬಾರದು. ಅಂದರೆ ಆರ್ಮೇಚರ್ ನಿಜವಾಗಿಯೂ ಕೆಟ್ಟಿದೆ. ಆಗ ಮಾತ್ರ “ಸುಟ್ಟಿದೆ” ಎಂಬ ಮಾತಿಗೆ ಬೆಲೆ.

ಜಾಗಕ್ಕೆ ಬಂದು ನಿಲ್ಲುವ ಜಾಣತನ

ಸ್ವಿಚ್ ಆರಿಸಿದರೂ ವೈಪರ್ ನಡುವೆ ನಿಲ್ಲದೆ ಗಾಜಿನ ಅಂಚಿಗೆ ಬಂದು ನಿಲ್ಲುತ್ತದಲ್ಲ, ಅದನ್ನು ಮಾಡುವುದು ಗೇರ್ ಪೆಟ್ಟಿಗೆಯ ಬಳಿ ಇರುವ ಪುಟ್ಟ ಪಾರ್ಕಿಂಗ್ ಸ್ವಿಚ್. ನೀವು ಆರಿಸಿದ ಮೇಲೂ ಅದು ಮೋಟಾರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಕಡ್ಡಿ ಅಂಚು ತಲುಪಿದ ಕ್ಷಣ ಕರೆಂಟ್ ಕಡಿದು, ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ. ಆಗ ತಿರುಗುವ ಮೋಟಾರ್ ಕ್ಷಣಕಾಲ ಡೈನಮೋ ಆಗಿ, ತನ್ನದೇ ಕರೆಂಟಿನಿಂದ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಮಕ್ಕಳ ಆಟಿಕೆಯ ಸಣ್ಣ ಮೋಟಾರಿನ ಎರಡೂ ತಂತಿಗಳನ್ನು ಸೇರಿಸಿ ಹಿಡಿದು ಶಾಫ್ಟ್ ತಿರುಗಿಸಿ ನೋಡಿ. ಮೊದಲಿಗಿಂತ ಬಿಗಿ ಅನ್ನಿಸುತ್ತದೆ. ಅದೇ ತತ್ವ.

ಇದನ್ನು ಪರೀಕ್ಷಿಸಲು 14ಡಬ್ಲ್ಯೂ ಮೋಟಾರಿನ 2 ಮತ್ತು 5ನೇ ತುದಿಗಳನ್ನು ತಂತಿಯಿಂದ ಸೇರಿಸಿ. ಮೋಟಾರನ್ನು ನಡುವಲ್ಲಿ ಎಲ್ಲೋ ನಿಲ್ಲಿಸಿಕೊಂಡು, 4ಕ್ಕೆ ಪ್ಲಸ್, 1ಕ್ಕೆ ಮೈನಸ್ ಕೊಡಿ. ಅದು ಓಡಿ ನಿಗದಿತ ಜಾಗಕ್ಕೆ ಬಂದು ಥಟ್ಟನೆ ನಿಲ್ಲಬೇಕು. ನಿಲ್ಲದೆ ಸುತ್ತುತ್ತಲೇ ಇದ್ದರೆ, ಅಥವಾ ಓಡದೇ ಇದ್ದರೆ ಪಾರ್ಕಿಂಗ್ ಸ್ವಿಚ್ಚನ್ನು ಶುಚಿ ಮಾಡಬೇಕು, ಇಲ್ಲವೇ ಅದೊಂದನ್ನೇ ಬದಲಿಸಬೇಕು. ಇಡೀ ಮೋಟಾರ್ ಬದಲಿಸುವ ಅಗತ್ಯ ಇಲ್ಲ.

ಸ್ವಿಚ್: ಬೀಪ್ ಏಕೆ ಸಾಲದು?

ಮಲ್ಟಿಮೀಟರ್ ಬೀಪ್ ಅನ್ನಲು ಒಂದು ಚೂರು ಕರೆಂಟ್ ಹರಿದರೆ ಸಾಕು. ಸಂಪರ್ಕ ಬಿಂದುವಿನಲ್ಲಿ ಒಂದೆರಡು ಓಮ್ ತಡೆ ಇದ್ದರೂ ಅದು ಬೀಪ್ ಅನ್ನುತ್ತದೆ. ಮೋಟಾರಿಗೆ ಮಾತ್ರ ಆ ಒಂದು ಓಮ್ ದೊಡ್ಡ ಗೋಡೆ.

ಲೆಕ್ಕ ನೋಡಿ. ಒದ್ದೆ ಗಾಜನ್ನು ಒರೆಸುವಾಗ ಮೋಟಾರ್ 3 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಸ್ವಿಚ್ಚಿನಲ್ಲಿ 1 ಓಮ್ ತಡೆ ಇದ್ದರೆ 3 ವೋಲ್ಟ್ ಅಲ್ಲೇ ಕಳೆದುಹೋಯಿತು. 12ರ ಬದಲು ಮೋಟಾರಿಗೆ ಸಿಗುವುದು 9. ಕಳೆದ 3 ವೋಲ್ಟ್, 3 ಆಂಪಿಯರ್ ಎಂದರೆ 9 ವಾಟ್ ಬಿಸಿ, ಅದೂ ಕಾಳಿನಷ್ಟು ದೊಡ್ಡ ಸಂಪರ್ಕ ಬಿಂದುವಿನ ಮೇಲೆ. ಅದು ಇನ್ನಷ್ಟು ಸುಟ್ಟು ಕಪ್ಪಾಗುತ್ತದೆ, ತಡೆ ಇನ್ನಷ್ಟು ಹೆಚ್ಚುತ್ತದೆ. ಕಾಕಾನ ಕಾರಿನ ಕಡ್ಡಿಗಳು ಮೊದಲು ನಿಧಾನವಾಗಿ ಆಮೇಲೆ ನಿಂತದ್ದು ಹೀಗೆ.

ಅದಕ್ಕೇ ಸ್ವಿಚ್ಚನ್ನು ಎರಡು ಸಲ ಪರೀಕ್ಷಿಸಬೇಕು. ಮೊದಲು ಬೀಪ್‌ನಿಂದ: ಯಾವ ಸ್ಥಾನದಲ್ಲಿ ಯಾವ ತುದಿಗಳು ಸೇರುತ್ತವೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಆರಿಸಿದ ಸ್ಥಾನದಲ್ಲೂ ಎರಡು ತುದಿಗಳು ಸೇರಿದ್ದರೆ ಗಾಬರಿ ಬೇಡ, ಅದು ಪಾರ್ಕಿಂಗ್ ದಾರಿ ಇರಬಹುದು. ಬೀಪ್ ಬರಲೇ ಇಲ್ಲ ಎಂದರೆ ಸ್ವಿಚ್ ಕೆಟ್ಟಿರುವುದು ಖಚಿತ. ಬಂದರೆ ಮಾತ್ರ ಪರೀಕ್ಷೆ ಮುಗಿದಿಲ್ಲ.

ಎರಡನೆಯದು ಭಾರ ಹೊರಿಸಿ ಮಾಡುವ ಪರೀಕ್ಷೆ. ಬ್ಯಾಟರಿ, ಫ್ಯೂಸ್, ಸ್ವಿಚ್, ಹೆಡ್‌ಲೈಟ್ ಬಲ್ಬ್, ಮತ್ತೆ ಬ್ಯಾಟರಿ, ಹೀಗೆ ಒಂದು ಸುತ್ತು ಜೋಡಿಸಿ. ಬಲ್ಬ್ ಉರಿಯುವಾಗ ಮಲ್ಟಿಮೀಟರನ್ನು ವೋಲ್ಟ್ ಅಳತೆಗೆ ಇಟ್ಟು, ಅದರ ಎರಡು ಕಡ್ಡಿಗಳನ್ನು ಸ್ವಿಚ್ಚಿನ ಎರಡು ತುದಿಗಳಿಗೆ ಮುಟ್ಟಿಸಿ. ಒಳ್ಳೆಯ ಸ್ವಿಚ್ಚಿನಲ್ಲಿ ಅಂಕಿ ಸೊನ್ನೆಯ ಹತ್ತಿರ, 0.2 ವೋಲ್ಟ್ ಒಳಗೆ ಇರುತ್ತದೆ. ಅರ್ಧ ವೋಲ್ಟ್ ದಾಟಿದರೆ ಅನುಮಾನಿಸಿ. ಒಂದು ವೋಲ್ಟ್ ದಾಟಿದರೆ ಸ್ವಿಚ್ ಬಿಚ್ಚಿ ಶುಚಿ ಮಾಡಿ ಅಥವಾ ಬದಲಿಸಿ. ಅಳೆಯುತ್ತಲೇ ಸ್ವಿಚ್ಚನ್ನು ಸ್ವಲ್ಪ ಅಲುಗಿಸಿ. ಅಂಕಿ ಕುಣಿದಾಡಿದರೆ ಸಂಪರ್ಕ ಸಡಿಲ.

ಇದೇ ಉಪಾಯ ಅರ್ಥಿಂಗ್‌ಗೂ ಸಲ್ಲುತ್ತದೆ. ಕಾರಿನಲ್ಲಿ ವೈಪರ್ ಓಡುವಾಗ ಮೋಟಾರಿನ ಅರ್ಥ್ ತುದಿ ಮತ್ತು ಬ್ಯಾಟರಿಯ ಅರ್ಥ್ ತುದಿಯ ನಡುವೆ ವೋಲ್ಟ್ ಅಳೆಯಿರಿ. ಅಲ್ಲೂ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು.

ಲಕ್ಷಣ ನೋಡಿ ಕಾರಣ ಊಹಿಸಿ

* ಒಣ ಗಾಜಿನ ಮೇಲೂ ಒದ್ದೆ ಗಾಜಿನ ಮೇಲೂ ನಿಧಾನ: ಸ್ವಿಚ್, ಅರ್ಥಿಂಗ್ ಅಥವಾ ಒಣಗಿದ ಗ್ರೀಸ್.
* ಒಂದು ವೇಗ ಮಾತ್ರ ಇಲ್ಲ: ಆ ವೇಗದ ಕಾರ್ಬನ್, ಇಲ್ಲವೇ ಸ್ವಿಚ್ಚಿನ ಆ ಸ್ಥಾನ.
* ಆರಿಸಿದ ತಕ್ಷಣ ನಡುವಲ್ಲೇ ನಿಲ್ಲುತ್ತದೆ: ಪಾರ್ಕಿಂಗ್ ಸ್ವಿಚ್ ಅಥವಾ ಅದರ ತಂತಿ.
* ಮೋಟಾರಿನ ಸದ್ದು ಇದೆ, ಕಡ್ಡಿ ಆಡುತ್ತಿಲ್ಲ: ಗೇರಿನ ಹಲ್ಲು ಅಥವಾ ಕಡ್ಡಿಯ ಕೀಲು.
* ಮೇಜಿನ ಮೇಲೆ ಸರಿ, ಕಾರಿನಲ್ಲಿ ನಿಧಾನ: ವೈರಿಂಗ್, ಅಥವಾ ಬಿಗಿದ ಕೀಲು.

ಹರಿದಾಡುವ ಸಲಹೆಗಳು ಎಷ್ಟು ನಿಜ?

*“ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ.”* ಅಪಾಯಕಾರಿ. ಬಿಗಿದು ನಿಂತ ಮೋಟಾರಿನಲ್ಲಿ ವಿರುದ್ಧ ವೋಲ್ಟೇಜ್ ಹುಟ್ಟುವುದಿಲ್ಲ, ಹಾಗಾಗಿ ಕರೆಂಟ್ ಹಲವು ಪಟ್ಟು ಏರುತ್ತದೆ. ಫ್ಯೂಸ್ ಇದ್ದರೆ ಅದು ಹೋಗುತ್ತದೆ. ಹಾಳೆ ಇದ್ದರೆ ತಂತಿಗೆ ಬೆಂಕಿ ಹತ್ತಬಹುದು. ಇಲ್ಲಿ ನಿಜವಾಗಿಯೂ ಮೋಟಾರ್ ಸುಡುತ್ತದೆ.

*“ಪಾನಾದಿಂದ ಎರಡು ಏಟು ಹಾಕಿದರೆ ಓಡುತ್ತದೆ.”* ಅರ್ಧ ನಿಜ. ಅಂಟಿಕೊಂಡ ಕಾರ್ಬನ್ ಸಡಿಲವಾಗಿ ಕೆಲವೊಮ್ಮೆ ಓಡುತ್ತದೆ. ಆದರೆ ಅದು ದುರಸ್ತಿಯಲ್ಲ. ಜೋರಾಗಿ ಹೊಡೆದರೆ ಅಯಸ್ಕಾಂತ ಒಡೆಯುತ್ತದೆ.

*“ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಕೊಟ್ಟು ನೋಡಿ.”* ತಪ್ಪು ಉತ್ತರ ಸಿಗುತ್ತದೆ. ವೋಲ್ಟ್ ಸರಿ, ಆದರೆ ಅದರ ಸಾಮರ್ಥ್ಯ ಒಂದೆರಡು ಆಂಪಿಯರ್ ಮಾತ್ರ. ಮೋಟಾರ್ ಏಳುವಾಗ ಕೇಳುವ ಕರೆಂಟ್ ಅದಕ್ಕಿಂತ ಹೆಚ್ಚು. ಅಡಾಪ್ಟರ್ ಕೈಚೆಲ್ಲಿದರೆ ಒಳ್ಳೆಯ ಮೋಟಾರೂ ಸತ್ತಂತೆ ಕಾಣುತ್ತದೆ.

*“ಪ್ಲಸ್, ಮೈನಸ್ ಅದಲುಬದಲಾದರೆ ಮೋಟಾರ್ ಸುಡುತ್ತದೆ.”* ಬಹುಮಟ್ಟಿಗೆ ಸುಳ್ಳು. ಅಯಸ್ಕಾಂತದ ಮೋಟಾರ್ ಹಿಮ್ಮುಖವಾಗಿ ತಿರುಗುತ್ತದೆ. ಸುರುಳಿಯ ಮೋಟಾರ್ ಅದೇ ದಿಕ್ಕಿಗೆ ತಿರುಗುತ್ತದೆ, ಏಕೆಂದರೆ ಸುರುಳಿ ಮತ್ತು ಆರ್ಮೇಚರ್ ಎರಡರ ಕರೆಂಟೂ ಒಟ್ಟಿಗೆ ತಿರುವುಮುರುವಾಗುತ್ತದೆ. ಆದರೂ ಕಾರಿಗೆ ಕೂರಿಸುವಾಗ ನೋಡಿಕೊಳ್ಳಿ. 1960ರ ದಶಕದವರೆಗಿನ ಬ್ರಿಟಿಷ್ ಮಾದರಿಯ ಹಲವು ಕಾರುಗಳಲ್ಲಿ ಪ್ಲಸ್ ತುದಿಯೇ ಅರ್ಥ್ ಆಗಿರುತ್ತಿತ್ತು.

*“ರಬ್ಬರಿಗೆ ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ.”* ಬೇಡ. ಸ್ವಲ್ಪ ಹೊತ್ತು ಮೆತ್ತಗಾದಂತೆ ಕಂಡರೂ ಎಣ್ಣೆಗೆ ರಬ್ಬರ್ ಉಬ್ಬಿ ಬೇಗ ಹಾಳಾಗುತ್ತದೆ. ಗಾಜಿನ ಮೇಲೆ ಜಿಡ್ಡಿನ ಪದರ ಕೂತು, ರಾತ್ರಿ ಎದುರು ವಾಹನದ ಬೆಳಕು ಹರಡಿಕೊಳ್ಳುತ್ತದೆ.

*“ವೈಪರ್ ಇಲ್ಲದಿದ್ದರೆ ಆಲೂಗಡ್ಡೆ ಅಥವಾ ಶಾಂಪೂ ಉಜ್ಜಿ.”* ತೆಳುವಾದ ಪದರದಿಂದ ನೀರು ಹನಿ ಹನಿಯಾಗದೆ ಹಾಳೆಯಂತೆ ಹರಿಯಬಹುದು, ಅದೂ ಮಳೆ ಅದನ್ನು ತೊಳೆಯುವವರೆಗೆ. ಇದನ್ನು ನಂಬಿ ಹೆದ್ದಾರಿಗೆ ಇಳಿಯಬೇಡಿ. ಕಾಕಾ ಮಾಡಿದಂತೆ ಬದಿಗೆ ನಿಲ್ಲಿಸಿ ಕಾಯುವುದೇ ಲೇಸು.

ಕೆಟ್ಟಿದ್ದರೆ ಎಲ್ಲಿ ಹೋಗಬೇಕು?

ಪರೀಕ್ಷೆಯಲ್ಲಿ ಮೋಟಾರೇ ಕೆಟ್ಟಿದೆ ಎಂದು ಕಂಡರೂ ಅದು ಗುಜರಿ ಸೇರಬೇಕಿಲ್ಲ. ಬೋರ್‌ವೆಲ್ ಪಂಪ್‌ಗಳಿಂದಾಗಿ ನಮ್ಮ ಭಾಗದ ಪಟ್ಟಣಗಳಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳು ಇವೆ. ಮಿಕ್ಸರ್ ರಿಪೇರಿ ಮಾಡುವವರಿಗೂ ಕಾರ್ಬನ್, ಕಮ್ಯುಟೇಟರ್ ಕೆಲಸ ಹೊಸದಲ್ಲ. ಅಳತೆಗೆ ಸರಿಹೊಂದುವ ಕಾರ್ಬನ್, ಹೊಸ ಗ್ರೀಸ್, ಶುಚಿ ಮಾಡಿದ ಕಮ್ಯುಟೇಟರ್, ಇಷ್ಟರಿಂದಲೇ ಎಷ್ಟೋ ಮೋಟಾರುಗಳು ಮತ್ತೆ ಓಡುತ್ತವೆ. ಅಂಗಡಿಗೆ ಹೋಗುವಾಗ “ವೈಪರ್ ಓಡುತ್ತಿಲ್ಲ” ಎನ್ನುವ ಬದಲು “ಭಾರ ಇಲ್ಲದೆ 4 ಆಂಪಿಯರ್ ಎಳೆಯುತ್ತಿದೆ, ಸುತ್ತು ಕಡಿಮೆ” ಎಂದು ಹೇಳಿ ನೋಡಿ. ಮಾತುಕತೆಯ ದಾರಿಯೇ ಬದಲಾಗುತ್ತದೆ.

ಇದು ಬರೀ ಹಣದ ಲೆಕ್ಕವಲ್ಲ. ಕಾರಿಗೆ ಕೆಲಸ ಮಾಡುವ ವೈಪರ್ ಇರಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಿಸಲು ವಾಹನ ತಪಾಸಣೆಗೆ ಒಳಗಾಗಬೇಕು. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ನೋಂದಣಿಯ ವ್ಯವಸ್ಥೆ 2021ರಲ್ಲಿ ಬಂದಿದೆ. ಅಂಥ ಕಾರಿನಲ್ಲಿ ಮೂಲ ಮೋಟಾರನ್ನೇ ಉಳಿಸಿಕೊಳ್ಳುವುದಕ್ಕೆ ಇನ್ನೂ ಹೆಚ್ಚಿನ ಬೆಲೆ.

ಶೇರ್ ಮಾಡುವುದಾದರೆ ಇದನ್ನು ಮಾಡಿ

* ವೈಪರ್ ನಿಂತರೆ ಮೊದಲು ಫ್ಯೂಸ್, ಆಮೇಲೆ ಅರ್ಥಿಂಗ್, ಆಮೇಲೆ ಸ್ವಿಚ್, ಕೊನೆಗೆ ಮೋಟಾರ್.
* ಮೊದಲ ಸಲ ಬ್ಯಾಟರಿ ಕೊಡುವಾಗ ನಡುವೆ ಹೆಡ್‌ಲೈಟ್ ಬಲ್ಬ್ ಇರಲಿ.
* ಬೀಪ್ ಬಂದ ಮಾತ್ರಕ್ಕೆ ಸ್ವಿಚ್ ಸರಿ ಎನ್ನಬೇಡಿ. ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಿರಿ.
* ಫ್ಯೂಸಿನ ಜಾಗದಲ್ಲಿ ಬೇರೇನನ್ನೂ ಹಾಕಬೇಡಿ.
* ಬೇಸಿಗೆಯಲ್ಲೂ 15 ದಿನಕ್ಕೊಮ್ಮೆ ಗಾಜಿನ ದೂಳು ತೊಳೆದು, ನೀರು ಹಾಕಿ, ವೈಪರನ್ನು ಒಂದು ನಿಮಿಷ ಓಡಿಸಿ. ಒಣ ಗಾಜಿನ ಮೇಲೆ ಓಡಿಸಬೇಡಿ.

ಕಾಕಾನ ಸ್ವಿಚ್ಚಿನ ಬಿಂದುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಲ್ಬ್ ಹಚ್ಚಿ ಅಳೆದೆವು. ಎರಡು ವೋಲ್ಟಿಗೂ ಹೆಚ್ಚು ಕಳೆಯುತ್ತಿದ್ದ ಜಾಗದಲ್ಲಿ ಅಂಕಿ ಸೊನ್ನೆಯ ಹತ್ತಿರ ಬಂತು. ಹಳೆಯ ಮೋಟಾರಿಗೆ ಹೊಸ ಗ್ರೀಸ್ ಹಚ್ಚಿ ಅದನ್ನೇ ಮರಳಿ ಕೂರಿಸಿದೆವು. ಅಂದು ಸಂಜೆ ಕಾಕಾ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ಸ್ವಿಚ್ ಒತ್ತಿದರು. ಕಡ್ಡಿಗಳು ಹೋಗಿ ಬಂದು, ಆರಿಸಿದಾಗ ಅಂಚಿಗೆ ಬಂದು ತಣ್ಣಗೆ ನಿಂತವು.